ಸೋಲ್ಡರಿಂಗ್ ಬರುತ್ತೆ, ವಿಮಾನದ ಕೆಲಸ ಸಿಗುತ್ತಾ?

ಪ್ರಶ್ನೆ: ಸರ್, ಪಿಯುಸಿ ಸೈನ್ಸ್ ಮುಗಿಸಿ ಅಪ್ಪನ ಟಿವಿ ರಿಪೇರಿ ಅಂಗಡೀಲಿ ಕೂತಿದೀನಿ. ಸೋಲ್ಡರಿಂಗ್, ಮಲ್ಟಿಮೀಟರ್ ಎಲ್ಲಾ ಕೈಗೆ ಹತ್ತಿದೆ. ವಿಮಾನದ ಎಲೆಕ್ಟ್ರಾನಿಕ್ಸ್ ರಿಪೇರಿಗೆ ಹೋಗ್ಬೇಕು ಅಂತ ಆಸೆ, ಇಷ್ಟು ಅನುಭವ ಸಾಕಾ?
- ಒಬ್ಬ ಓದುಗ, ತಿಪಟೂರು

ಉತ್ತರ: ಸಾಕಾಗಲ್ಲ ತಮ್ಮ, ಆದ್ರೆ ವೇಸ್ಟೂ ಆಗಲ್ಲ. ಪಿಯುಸೀಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇದ್ರೆ ಎಎಂಇ, ಅಂದ್ರೆ ವಿಮಾನ ನಿರ್ವಹಣೆ ಎಂಜಿನಿಯರ್ ಕೋರ್ಸ್ ಸೇರ್ಬಹುದು, ನಿಂದು ಬಿ2 ಲೈಸೆನ್ಸ್ ದಾರಿ, ಅಂದ್ರೆ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್). ಡಿಜಿಸಿಎ (ವಿಮಾನಯಾನಕ್ಕೆ ನಿಯಮ ಮಾಡೋ ಕೇಂದ್ರ ಸರ್ಕಾರದ ಸಂಸ್ಥೆ) ಲೈಸೆನ್ಸ್ ಪರೀಕ್ಷೇಲಿ ಪ್ರತಿ ಪೇಪರ್‌ಗೂ 75 ಪರ್ಸೆಂಟ್ ಬರ್ಬೇಕು, ಜಸ್ಟ್ ಪಾಸ್ ಲೆಕ್ಕ ನಡೆಯಲ್ಲ. ಫೀಸ್ ಕಟ್ಟೋ ಮುಂಚೆ ಆ ಸಂಸ್ಥೆಗೆ ಡಿಜಿಸಿಎ ಅನುಮತಿ ಇದೆಯಾ, ಅದ್ರಲ್ಲೂ ಬಿ2ಗೆ ಇದೆಯಾ ಅಂತ ನೋಡ್ಕೋ, ಬ್ರೋಷರಲ್ಲಿ ವಿಮಾನದ ಫೋಟೋ ಯಾರ್ ಬೇಕಾದ್ರೂ ಹಾಕ್ತಾರೆ. ಬಣ್ಣ ಸರಿಯಾಗಿ ಕಾಣುತ್ತಾ ಅಂತ ಕಣ್ಣೂ ಟೆಸ್ಟ್ ಮಾಡಿಸ್ಬಿಡು.

ಇನ್ನು ಕೆಲಸ. ಲೈನಲ್ಲಿ, ಅಂದ್ರೆ ನಿಲ್ದಾಣದಲ್ಲಿ ನಿಂತ ವಿಮಾನದ ಹತ್ರ, ಸೋಲ್ಡರಿಂಗ್ ಐರನ್ ಹಿಡಿಯೋದೇ ಅಪರೂಪ. ಕೆಟ್ಟ ಎಲೆಕ್ಟ್ರಾನಿಕ್ ಡಬ್ಬ, ಇಂಥ ಡಬ್ಬಕ್ಕೆ ಎಲ್‌ಆರ್‌ಯು (ಲೈನ್ ರಿಪ್ಲೇಸಬಲ್ ಯೂನಿಟ್) ಅಂತೀವಿ, ಬಿಚ್ಚಿ ಬೇರೆದು ಕೂರಿಸ್ತೀವಿ, ಒಳಗಿನ ಬೋರ್ಡು ವರ್ಕ್‌ಶಾಪಿನವರ ತಲೆನೋವು. ನಮಗೆ ಕಷ್ಟ ಇರೋದು ಆ ಡಬ್ಬ ನಿಜವಾಗ್ಲೂ ಕೆಟ್ಟಿದೆಯಾ ಅಂತ ಹೇಳೋದ್ರಲ್ಲಿ. ನಾನು ಹೊಸಬ ಇದ್ದಾಗ ಒಂದು ವಿಮಾನದ ರೇಡಿಯೋ ಮೇಲೆ ಹೋದಾಗ ಮಾತ್ರ ಕರಕರ ಅಂತಿತ್ತು, ಕೆಳಗಿಳಿದ್ರೆ ಸೈಲೆಂಟು. ಎರಡ್ ಸಲ ಡಬ್ಬ ಬದಲಾಯಿಸಿದ್ವಿ, ಎರಡ್ ಸಲಾನೂ ವರ್ಕ್‌ಶಾಪಿಂದ 'ನೋ ಫಾಲ್ಟ್ ಫೌಂಡ್' ಅಂತ ವಾಪಸ್. ಕೊನೆಗೆ ನಮ್ಮ ಸೀನಿಯರ್ ರಾತ್ರಿ 3 ಗಂಟೇಲಿ (ವಿಮಾನ ಹಗಲೆಲ್ಲಾ ಹಾರ್ತಿರುತ್ತೆ, ನಮ್ ಕೈಗೆ ಸಿಗೋದೇ ಆವಾಗ) ಟಾರ್ಚ್ ಬಿಟ್ಟು ನೋಡಿದ್ರೆ ಕನೆಕ್ಟರಲ್ಲಿ ಒಂದು ಪಿನ್ ಕೂದಲೆಳೆಯಷ್ಟು ಹಿಂದಕ್ಕೆ ಸರಿದಿದೆ, ಅದರಿಂದಾಗಿ ನಡುಕಕ್ಕೆ ಮುಟ್ತಿತ್ತು, ಬಿಡ್ತಿತ್ತು. ನಿಮ್ಮಂಗಡೀಲಿ ಟಿವಿ ತಲೆಗೆ ಒಂದು ಕೊಟ್ರೆ ಸರಿಹೋಗುತ್ತಲ್ಲ, ಅದೇ ಲೂಸ್ ಕಾಂಟ್ಯಾಕ್ಟು, ಆದ್ರೆ ಇಲ್ಲಿ ಮ್ಯಾನ್ಯುಯಲ್ ಬಿಟ್ಟು ಒಂದು ಸ್ಕ್ರೂ ತಿರುಗಿಸೋ ಹಾಗಿಲ್ಲ. ಕರೆಂಟೂ ಬೇರೆ, ನಿಮ್ದು 230 ವೋಲ್ಟ್ 50 ಹರ್ಟ್ಜ್, ಇಲ್ಲಿ ಸಾಮಾನ್ಯವಾಗಿ 115 ವೋಲ್ಟ್ 400 ಹರ್ಟ್ಜ್, ಹರ್ಟ್ಜ್ ಜಾಸ್ತಿ ಇದ್ರೆ ಟ್ರಾನ್ಸ್‌ಫಾರ್ಮರ್ ಚಿಕ್ಕದು, ಹಗುರ.

ಕೋರ್ಸ್ ಮುಗಿದ ತಕ್ಷಣ 'ವಿಮಾನ ಹಾರಕ್ಕೆ ಸರಿ ಇದೆ' ಅಂತ ಸೈನ್ ಹಾಕಕ್ಕಾಗಲ್ಲ. ಲೈಸೆನ್ಸ್ ಬೇಕು, ಆಮೇಲೆ ಆ ಮಾದರಿ ವಿಮಾನಕ್ಕೇ ಅಂತ ಸಿಗೋ ಅನುಮತಿ, ಅಂದ್ರೆ ಟೈಪ್ ರೇಟಿಂಗ್, ಅಲ್ಲೀವರೆಗೆ ಸೀನಿಯರ್ ಕೈಕೆಳಗೆ ಟೆಕ್ನಿಷಿಯನ್. ಟೂಲ್ ಎಣಿಸೋದೂ ನಿನ್ ಕೆಲಸಾನೇ, ಒಂದು ಕಮ್ಮಿ ಬಂದ್ರೂ ವಿಮಾನ ನಿಂತಲ್ಲೇ ನಿಲ್ಲುತ್ತೆ. ಅವತ್ತು ಆ ಪಿನ್ ಕೂರಿಸೋ ಟೂಲೇ ನಾಪತ್ತೆ, ಬೆಳಗಿನ ಫ್ಲೈಟ್ ಹತ್ರ ಬಂತು, ಎಲ್ರೂ ಸೀಟ್ ಕೆಳಗೆಲ್ಲಾ ಹುಡುಕಿ ಸುಸ್ತು. ನನ್ ಜೇಬಲ್ಲೇ ಇತ್ತು.