ಪ್ರತಿಕ್ರಿಯೆ: ಕೋಣೆಯೊಳಗಿನ ಕುಂಡಗಳ ಘಾಟು

ತೀರ್ಥಹಳ್ಳಿಯ ಮಳೆಗೆ ಹೆದರಿ ದೊಡ್ಡಪತ್ರೆ, ರಾತ್ರಿರಾಣಿ ಕುಂಡಗಳನ್ನು ಕೋಣೆಯೊಳಗೆ ಇಟ್ಟಿದ್ದೀರಿ, ತಟ್ಟೆ ತುಂಬ ಇದ್ದಿಲು ಇಟ್ಟರೂ ಘಾಟು ಹೋಗುತ್ತಿಲ್ಲ ಅಂದಿರಲ್ಲ, ಹೋಗೋದೂ ಇಲ್ಲ ಬಿಡಿ. ಒಲೆ ಇದ್ದಿಲಿನಲ್ಲಿ ವಾಸನೆ ಹಿಡಿಯುವ ಸೂಕ್ಷ್ಮ ರಂಧ್ರಗಳು ಕಡಿಮೆ. ಬೇಕಾದ್ದು ಆಕ್ಟಿವೇಟೆಡ್ ಕಾರ್ಬನ್, ಅಂದರೆ ಸೂಕ್ಷ್ಮ ರಂಧ್ರಗಳು ಹೆಚ್ಚುವಂತೆ ಸಂಸ್ಕರಿಸಿದ ಇದ್ದಿಲು, ಅದೂ ಫ್ಯಾನಿನ ಗಾಳಿ ಅದರ ಮೂಲಕವೇ ಹಾದುಹೋಗಬೇಕು. ಆದರೆ ನಮ್ಮ ಆಷಾಢದ ತೇವದ ಗಾಳಿಯಲ್ಲಿ ಆ ರಂಧ್ರಗಳಿಗೆ ನೀರಾವಿಯೇ ತುಂಬಿಕೊಳ್ಳುತ್ತೆ. ಹಾಗಾಗಿ ಅದಕ್ಕೆ ದುಡ್ಡು ಹಾಕುವ ಮೊದಲು ಎಕ್ಸಾಸ್ಟ್ ಫ್ಯಾನ್ ನೋಡಿ. ಗೋಡೆಯ ಮೇಲ್ಭಾಗದಲ್ಲಿ ಕೂರಿಸಿ, ಎದುರು ಬಾಗಿಲ ಕೆಳಗೆ ಎರಡು ಬೆರಳು ಸಂದಿ ಬಿಡಿ. ಸಂದಿ ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತೆ, ಅಷ್ಟೆ. ಊದುಬತ್ತಿ ದಯವಿಟ್ಟು ಬೇಡ, ಎರಡು ವಾಸನೆ ಸೇರಿ ತಲೆನೋವು ಜಾಸ್ತಿ.

ದೊಡ್ಡಪತ್ರೆಯ ಎಣ್ಣೆ ಇರೋದು ಎಲೆ ಮೇಲಿನ ನವಿರು ಕೂದಲಲ್ಲಿ. ಓಡಾಡುವಾಗ ಬಟ್ಟೆ ತಾಗಿದರೂ ಘಮ್ ಅನ್ನುತ್ತೆ, ಮೂಲೆಗೆ ಸರಿಸಿ. ರಾತ್ರಿರಾಣಿಗೆ ಮಾತ್ರ ಮದ್ದಿಲ್ಲ, ಕತ್ತಲಾದ ಮೇಲೇ ಪರಿಮಳ ಬಿಡುವ ಜಾತಿ. ಜಗಲಿಯಲ್ಲಿ ಇರಚಲು ಹೊಡೆಯದ ಕಡೆ ಇಡಿ, ಮಳೆಗೆ ಅದೇನೂ ಸಾಯಲ್ಲ. ಮುಗ್ಗಲು ವಾಸನೆಯೂ ಬರ್ತಿದ್ದರೆ ಅದು ಗಿಡದ್ದಲ್ಲ, ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರಿನದಿರಬಹುದು, ದಿನಾ ಚೆಲ್ಲಿ.