ಎಡ ಎದೆಗೆ ರೇಡಿಯೇಷನ್ ಕೊಡುವಾಗ ಉಸಿರು ಹಿಡಿಯಬೇಕಂತೆ. ಅವ್ವನಿಗೆ ಮನೆಯಲ್ಲಿ ಹೇಗೆ ರೂಢಿ ಮಾಡಿಸೋದು?

ಅವ್ವನಿಗೆ ಎಡಗಡೆ ಸ್ತನದ ಆಪರೇಷನ್ ಆಗಿದೆ, ಮುಂದಿನ ವಾರ ಪ್ಲ್ಯಾನಿಂಗ್ ಸ್ಕ್ಯಾನ್ (ಕಿರಣ ಎಲ್ಲಿಗೆ, ಹೇಗೆ ಕೊಡಬೇಕು ಅಂತ ಗೊತ್ತುಮಾಡೋ ಸ್ಕ್ಯಾನ್), 20 ಸೆಕೆಂಡ್ ಉಸಿರು ಹಿಡಿಯಬೇಕು ಅಂದದ್ದಕ್ಕೆ ಹೆದರಿದ್ದಾರೆ ಅಂತ ಬರೆದಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ರೇಡಿಯೇಷನ್ ಮಷಿನ್ ನಡೆಸುವ ಟೆಕ್ನಾಲಜಿಸ್ಟ್. ದಿನಾ ನೋಡೋ ಹೆದರಿಕೆ ಇದು.

ಉಸಿರು ತುಂಬಿದಾಗ ಶ್ವಾಸಕೋಶ ಉಬ್ಬುತ್ತದೆ, ಹೃದಯ ಎದೆಗೋಡೆಯಿಂದ ಸ್ವಲ್ಪ ಹಿಂದಕ್ಕೆ, ಕೆಳಕ್ಕೆ ಸರಿಯುತ್ತದೆ. ಆಗ ಮಾತ್ರ ಕಿರಣ ಬಿಟ್ಟರೆ ಹೃದಯಕ್ಕೆ ತಗಲೋದು ಕಡಿಮೆ. ಅದಕ್ಕೇ ಇಷ್ಟೆಲ್ಲ. ಎಷ್ಟು ಹೊತ್ತು ಹಿಡಿದರು ಅನ್ನೋದಕ್ಕಿಂತ ಪ್ರತಿ ಸಲ ಅಷ್ಟೇ ಉಸಿರು ತಗೊಂಡರಾ ಅನ್ನೋದು ನಮಗೆ ಮುಖ್ಯ.

ಇದನ್ನ ನಾನು ತಪ್ಪು ಮಾಡಿಯೇ ಕಲಿತೆ. ಕೆಲಸದ ಹೊಸದರಲ್ಲಿ ಹಾವೇರಿ ಕಡೆಯ ಒಬ್ಬ ಅಮ್ಮನಿಗೆ "ಇನ್ನೂ ಎಳ್ಕೊಳ್ರಿ, ಇನ್ನೂ" ಅಂತ ಹುರಿದುಂಬಿಸಿದೆ. ಸ್ಕ್ಯಾನ್ ದಿನ ಜೋಶ್‌ನಲ್ಲಿ ಎಳೆದರು. ಟ್ರೀಟ್‌ಮೆಂಟ್ ಶುರುವಾದ ಮೇಲೆ, ಸ್ಕ್ರೀನ್ ಮೇಲೆ ಉಸಿರಿನ ಏರಿಳಿತ ತೋರಿಸೋ ಗೆರೆ ಆ ಮಟ್ಟಕ್ಕೆ ಏರಲೇ ಇಲ್ಲ. ಮತ್ತೆ ಸ್ಕ್ಯಾನ್, ಮತ್ತೆ ಪ್ಲ್ಯಾನ್. ನಾಳೆಯೂ ನಾಡಿದ್ದೂ ಆರಾಮವಾಗಿ ತಗೊಳ್ಳಬಹುದಾದಷ್ಟು ಉಸಿರು ಸಾಕು.

ಮನೆಯಲ್ಲಿ ಹೀಗೆ ಮಾಡಿಸಿ. ಚಾಪೆ ಮೇಲೆ ಅಂಗಾತ ಮಲಗಿಸಿ, ಕೈ ಎರಡೂ ತಲೆಯ ಮೇಲಕ್ಕೆ. ಆಪರೇಷನ್ ಆದ ಕಡೆ ಭುಜ ಬಿಗಿದಿರುತ್ತದೆ. ಎಷ್ಟೋ ಜನರಿಗೆ ಉಸಿರಿಗಿಂತ ಇದೇ ಕಷ್ಟ. ಡಾಕ್ಟರ್ ಒಪ್ಪಿದ್ದರೆ ಗೋಡೆ ಮೇಲೆ ಬೆರಳು ಹತ್ತಿಸೋ ವ್ಯಾಯಾಮ ಇವತ್ತೇ ಶುರು ಮಾಡಿಸಿ. ಎದೆಮೂಳೆಯ ಕೆಳತುದಿಯ ಮೇಲೆ ಒಂದು ಬೆಂಕಿಪೆಟ್ಟಿಗೆ ಇಡಿ. ನಾವೂ ಅಲ್ಲೇ ಒಂದು ಸಣ್ಣ ಡಬ್ಬಿ ಇಡುತ್ತೇವೆ, ಅದು ಏರಿಳಿಯೋದನ್ನ ಕ್ಯಾಮೆರಾ ನೋಡುತ್ತದೆ. ಕೆಲವು ಕಡೆ ಬೇರೆ ವ್ಯವಸ್ಥೆ ಇರುತ್ತದೆ, ಅಭ್ಯಾಸ ಮಾತ್ರ ಇದೇ. ನೀವು ಪಕ್ಕದಲ್ಲಿ ಕೂತು ಪೆಟ್ಟಿಗೆ ಮೇಲೆ ಕಣ್ಣಿಡಿ. ಎರಡು ಸಲ ಸಹಜ ಉಸಿರು, ಮೂರನೆಯದು ತುಂಬಿ ಹಿಡಿಯೋದು. ಮೊದಲು 10 ಸೆಕೆಂಡ್, ಆಮೇಲೆ 15, 20. ಬೆಳಿಗ್ಗೆ ನಾಲ್ಕೈದು ಸಲ, ಸಂಜೆ ನಾಲ್ಕೈದು ಸಲ. ತಲೆ ಸುತ್ತಿದರೆ ನಿಲ್ಲಿಸಿ.

ಪೆಟ್ಟಿಗೆ ಏರಿದ್ದು ಉಸಿರಿನಿಂದಲೋ ಬೆನ್ನು ಎತ್ತಿದ್ದರಿಂದಲೋ ಅಂತ ನೋಡಿ. ಸುಮಾರು ಜನ ಸೊಂಟ ಎತ್ತಿಬಿಡುತ್ತಾರೆ. ಪ್ರಾಣಾಯಾಮ ರೂಢಿ ಇದ್ದವರು ಹೊಟ್ಟೆ ಉಬ್ಬಿಸುತ್ತಾರೆ. ನಮಗೆ ಎದೆ ಉಬ್ಬಬೇಕು.

ಇನ್ನೊಂದು ತಮಾಷೆ ಇದೆ. ನಮ್ಮ ಕಡೆಯವರು ಬಹಳ ಮರ್ಯಾದೆಯವರು ಅಲ್ವಾ? ಸ್ಪೀಕರ್‌ನಲ್ಲಿ ನಾನು "ಉಸಿರು ತಗೋರಿ, ಹಿಡೀರಿ" ಅಂದರೆ ಒಳಗಿನಿಂದ "ಹೂನ್ರಿ" ಅಂತಾರೆ. ಅಷ್ಟೇ, ಹಿಡಿದ ಉಸಿರೆಲ್ಲ ಆ "ಹೂನ್ರಿ"ಯಲ್ಲೇ ಹೋಗಿ ಸ್ಕ್ರೀನ್ ಮೇಲೆ ಗೆರೆ ದಬಕ್ಕನೆ ಕೆಳಗೆ ಬೀಳುತ್ತದೆ. ಮನೆಯಲ್ಲೂ ನೀವು ಇದೇ ಮಾತು ಹೇಳಿ ರೂಢಿ ಮಾಡಿಸಿ, ಉತ್ತರ ಕೊಡಬೇಡ ಅಂತ ಹೇಳಿ. ಮನಸ್ಸಿನಲ್ಲಿ ಎಣಿಸಲಿ. ಗದಗ ಕಡೆಯ ಒಬ್ಬ ಅಜ್ಜಿ ಜೋಳ ಅಳೆಯುವಾಗಿನಂತೆ "ಲಾಭ, ಎರಡು, ಮೂರು" ಅಂತ ಎಣಿಸುತ್ತಿದ್ದರಂತೆ. ಅವರ ಗೆರೆ ಸ್ಕೇಲ್ ಇಟ್ಟು ಎಳೆದಂಗಿತ್ತು.

"ನಡುವೆ ಉಸಿರು ಬಿಟ್ಟರೆ ಹೃದಯ ಸುಡುತ್ತಾ?" ಅಂತ ಕೇಳಿದ್ದೀರಿ. ಇಲ್ಲ. ಗೆರೆ ನಾವು ಗೊತ್ತುಮಾಡಿದ ಮಟ್ಟದಿಂದ ಜಾರಿದ ತಕ್ಷಣ ಕಿರಣ ನಿಲ್ಲುತ್ತದೆ. ಕೆಮ್ಮು ಬಂದರೆ ಉಸಿರು ಬಿಟ್ಟು ಕೆಮ್ಮಲಿ, ಏಳೋದು ಮಾತ್ರ ಬೇಡ. ಕೋಣೆಯಲ್ಲಿ ಒಬ್ಬರೇ ಇದ್ದರೂ ಹೊರಗಿನಿಂದ ನಾವು ನೋಡುತ್ತಲೇ ಇರುತ್ತೇವೆ, ಅವರ ದನಿಯೂ ಕೇಳುತ್ತದೆ.

ದಮ್ಮು, ಕಫ ಇದ್ದರೆ ಸ್ಕ್ಯಾನ್‌ಗೆ ಮುಂಚೆಯೇ ಹೇಳಿ. ಕೆಲವರಿಗೆ ಎಷ್ಟು ಮಾಡಿದರೂ ಆಗೋದಿಲ್ಲ. ಅಂಥವರಿಗೆ ಡಾಕ್ಟರ್ ಬೇರೆ ರೀತಿ ಪ್ಲ್ಯಾನ್ ಮಾಡುತ್ತಾರೆ. ಇದನ್ನ ಅವ್ವನಿಗೆ ಮೊದಲೇ ಹೇಳಿಬಿಡಿ, ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.