ಮೂವತ್ತೈದು ಸಾವಿರದ ಮಗ

ಪ್ರತಿ ವರ್ಷ ಜೂನ್, ಜುಲೈ ತಿಂಗಳಲ್ಲಿ ಕಾಲೇಜು ಮುಗಿಸಿದ ಮಕ್ಕಳು ಬೆಂಗಳೂರಿನ ಕಂಪನಿಗಳಿಗೆ ಸೇರುತ್ತಾರೆ. ದೀಪಾವಳಿ ಕಳೆಯುವ ಹೊತ್ತಿಗೆ ಅವರಲ್ಲಿ ಕೆಲವರು ನನ್ನ ಆಪ್ತಸಲಹೆಯ ಕೊಠಡಿಗೆ ಬರತೊಡಗುತ್ತಾರೆ. ನಿದ್ರೆ ಬರುವುದಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ, ಜೊತೆಯವರ ಇಂಗ್ಲಿಷ್ ಕೇಳಿದರೆ ನಾಲಿಗೆ ಒಣಗುತ್ತದೆ ಎಂದು ಶುರುವಾಗುವ ಇಂಥ ಪ್ರಕರಣಗಳ ತಳದಲ್ಲಿ ಹಲವು ಬಾರಿ ಬೇರೆಯೇ ಒಂದು ಸಂಗತಿ ಇರುತ್ತದೆ ಎಂಬುದನ್ನು ನನಗೆ ಕಲಿಸಿದವನು 2023ರ ಕೊನೆಯಲ್ಲಿ ಬಂದ ಒಬ್ಬ ಹುಡುಗ. ಅವನಿಗೆ ನಾನು ಕೊಟ್ಟ ಸಲಹೆಯ ಬಗ್ಗೆ ನನ್ನ ವೃತ್ತಿಬಾಂಧವರಲ್ಲಿ ಇಂದಿಗೂ ಒಮ್ಮತವಿಲ್ಲ. ಆತನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಓದು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳನ್ನು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪ್ರಕರಣದ ಜೀವ ಇರುವುದೇ ಅಂಕಿಗಳಲ್ಲಿ. ಇಪ್ಪತ್ತಮೂರು ವರ್ಷದವನನ್ನು ಹುಡುಗ ಎನ್ನುವುದು ನನ್ನ ವಯಸ್ಸಿನ ದೋಷವೆಂದು ಓದುಗರು ಮನ್ನಿಸಬೇಕು.

ಕೊಪ್ಪಳದ ಕಡೆಯವನು. ತಂದೆಗೆ ಮಳೆಯನ್ನೇ ನಂಬಿದ ಸ್ವಲ್ಪ ಹೊಲ, ಮನೆಯಲ್ಲಿ ಪಿಯುಸಿ ಓದುವ ತಂಗಿ. ಆ ಮನೆತನದಲ್ಲಿ ಎಂಜಿನಿಯರಿಂಗ್ ಓದಿದವರಲ್ಲಿ ಇವನೇ ಮೊದಲಿಗ. ವೈಟ್‌ಫೀಲ್ಡ್ ಬಳಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಕುಂದಲಹಳ್ಳಿಯ ಪಿಜಿಯೊಂದರಲ್ಲಿ ಮೂವರು ಹಂಚಿಕೊಂಡ ಕೋಣೆಯಲ್ಲಿ ವಾಸ. ಅಲ್ಲಿಂದ ವಿಜಯನಗರದ ನನ್ನ ಕೊಠಡಿಗೆ ಬರುವುದೆಂದರೆ ನಗರವನ್ನು ಪೂರ್ತಿ ಹಾಯ್ದು ಬಂದಂತೆಯೇ. ಆ ಅಕ್ಟೋಬರ್‌ನಲ್ಲಷ್ಟೇ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಎಲ್ಲಿಯೂ ಕಡಿಯದೆ ಓಡತೊಡಗಿತ್ತು. ಇಷ್ಟು ದೂರ ಏಕೆ ಬಂದಿರಿ ಎಂದು ಕೇಳಿದಾಗ, ಆ ಕಡೆ ಯಾರಾದರೂ ಗುರುತಿನವರು ನೋಡಿಬಿಡುತ್ತಾರೆ ಎಂದಿದ್ದ. ನಾನು ಅದನ್ನು ನಂಬಿ ಬರೆದುಕೊಂಡೆ. ಶನಿವಾರ ಮಧ್ಯಾಹ್ನ ನಾನು ಶುಲ್ಕವಿಲ್ಲದೆ ನೋಡುವ ಅವಧಿಯನ್ನೇ ಹುಡುಕಿಕೊಂಡು ಬಂದಿದ್ದಾನೆ ಎಂಬ ಸುಳಿವು ಕಣ್ಣೆದುರಿಗೇ ಇತ್ತು. ಅದನ್ನು ನಾನು ನೋಡಲಿಲ್ಲ.

ಮೊದಲ ಎರಡು ಭೇಟಿಗಳು ಇಂಗ್ಲಿಷಿನ ಹಿಂದೆ ಹೋದವು. ಸಭೆಗಳಲ್ಲಿ ಬಾಯಿ ಬಿಡಲಾಗುವುದಿಲ್ಲ ಎಂದು ಆತ ಹೇಳಿದ್ದರಿಂದ, ಪ್ರತಿ ಸಭೆಯಲ್ಲೂ ಒಂದೇ ಒಂದು ವಾಕ್ಯ ಆಡುವ ಅಭ್ಯಾಸ ಹಾಕಿಕೊಟ್ಟೆ. ಶ್ರದ್ಧೆಯಿಂದ ಮಾಡಿದ, ಸುಧಾರಿಸಿದ ಕೂಡ. ಆದರೆ ನಿದ್ರೆ ಮರಳಲಿಲ್ಲ. ರಾತ್ರಿ ಎಂಟೂವರೆಗೆ ಮನೆಯಿಂದ ಫೋನ್ ಬರುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ ಎಂದು ಒಮ್ಮೆ ಅಂದಿದ್ದ. ಅದನ್ನು ಮನೆಯ ನೆನಪಿನ ಸಂಕಟವೆಂದು ತಿಳಿದೆ. ತಪ್ಪು ನನ್ನದೇ.

ಮೂರನೆಯ ಭೇಟಿ ಎರಡು ಗಂಟೆಗೆ ನಿಗದಿಯಾಗಿತ್ತು, ಆತ ಹನ್ನೆರಡೂವರೆಗೇ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಮಾತು ಆರಂಭವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು. ತಾಯಿ. ಹೊತ್ತಲ್ಲದ ಹೊತ್ತಿನ ಕರೆಯಾದ್ದರಿಂದ ಗಾಬರಿಯಿಂದ ನನ್ನ ಮುಖ ನೋಡಿದ, ನಾನು ತೆಗೆದುಕೊಳ್ಳುವಂತೆ ಸನ್ನೆ ಮಾಡಿದೆ. ತಂಗಿಯ ಯಾವುದೋ ಅರ್ಜಿಯ ವಿಷಯ, ಒಂದು ನಿಮಿಷದಲ್ಲಿ ಮುಗಿಯಿತು. ಕೊನೆಗೆ ಆ ಕಡೆಯಿಂದ "ಊಟ ಆತೇನೋ?" ಎಂಬ ಪ್ರಶ್ನೆ ನನಗೂ ಕೇಳಿಸಿತು. "ಉಂಡೀನವ್ವಾ. ಚಪಾತಿ, ಬದನೆಕಾಯಿ ಪಲ್ಯ" ಎಂದ. ಹನ್ನೆರಡೂವರೆಯಿಂದ ನನ್ನ ಬೆಂಚಿನ ಮೇಲೆ ಇದ್ದವನು, ಅದಕ್ಕೂ ಮೊದಲು ಮೆಟ್ರೊದಲ್ಲಿ ಇದ್ದವನು.

ಯಾವಾಗ ಊಟ ಮಾಡಿದಿರಿ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಅದುವರೆಗೆ ನನ್ನೊಡನೆ ಆಡುತ್ತಿದ್ದ ಪುಸ್ತಕದ ಕನ್ನಡವನ್ನು ಬಿಟ್ಟು, ತನ್ನ ಮಾತಿನಲ್ಲಿ ಹೇಳಿದ:

"ಊರಾಗ ಒಬ್ಬ ಮೂವತ್ತೈದು ಸಾವಿರದ ಮಗ ಅದಾನ್ರಿ ಮೇಡಂ. ಅವ ದಿನಾ ಉಂಡಿರ್ತಾನ್ರಿ. ಇಲ್ಲಿ ಕುಂತಾಂವ ಬ್ಯಾರೆ."

ಪಕ್ಕದ ಹೋಟೆಲಿನಿಂದ ಇಡ್ಲಿ ತರಿಸಿದೆ. ಸಲಹೆ ಪಡೆಯಲು ಬಂದವರಿಗೆ ತಿನ್ನಲು ಕೊಡಬಹುದೇ ಎಂಬುದು ನಮ್ಮ ತರಬೇತಿಯಲ್ಲಿ ದೊಡ್ಡ ಚರ್ಚೆಯ ವಿಷಯ. ಹಸಿದವನಿಗೆ ಉಸಿರಾಟದ ಅಭ್ಯಾಸ ಹೇಳಿಕೊಡುವುದಕ್ಕಿಂತ ಅದು ಕಡಿಮೆ ತಪ್ಪೆಂದು ನನಗೆ ಅಂದು ಕಂಡಿತು. ತಿನ್ನುತ್ತ ಆತ ಹೇಳಿದ ಕಥೆ ಇಷ್ಟು. ಕಾಲೇಜಿನಲ್ಲಿ ಕ್ಯಾಂಪಸ್ ಆಯ್ಕೆ ಆದಾಗ ಗೇಟಿನ ಮುಂದೆ ಅವನ ಭಾವಚಿತ್ರದ ಫ್ಲೆಕ್ಸ್ ಹಾಕಿದ್ದರು, ಕೆಳಗೆ ದಪ್ಪ ಅಕ್ಷರದಲ್ಲಿ 4.2 ಲಕ್ಷ. ತಂದೆ ಅದರ ಫೋಟೊ ತೆಗೆದುಕೊಂಡು ಊರಿಗೆಲ್ಲ ತೋರಿಸಿದರು, ಹನ್ನೆರಡರಿಂದ ಭಾಗಿಸಿದರು, ಮೂವತ್ತೈದು ಸಾವಿರ ಎಂದು ಗಟ್ಟಿಮಾಡಿಕೊಂಡರು. "ಹತ್ತು ಕಳಿಸು, ಇಪ್ಪತ್ತೈದು ನಿನಗ ಇರ್ಲಿ" ಎಂದರು. ಆ ಹತ್ತರ ಭರವಸೆಯ ಮೇಲೆ ಮನೆಗೆ ಸ್ಲ್ಯಾಬ್ ಹಾಕಿಸಲು ಕೈಗಡ ಎತ್ತಿದರು. ಮೊದಲ ತಿಂಗಳು ನಡುವೆ ಸೇರಿದ್ದರಿಂದ ಅರ್ಧ ಸಂಬಳ ಬಂತು. ಮುಂದಿನ ತಿಂಗಳು ಪೂರ್ತಿ ಬರುತ್ತದೆ ಎಂದುಕೊಂಡ. ಪೂರ್ತಿ ಬಂದಾಗ ಅದು ಮೂವತ್ತೈದು ಆಗಿರಲಿಲ್ಲ. ಅಷ್ಟರೊಳಗೆ ಮೊದಲ ಹತ್ತು ಸಾವಿರವನ್ನು ಗೆಳೆಯರಿಂದ ಪಡೆದು ಕಳಿಸಿಯಾಗಿತ್ತು, ಹಾಗಾಗಿ ಹೇಳುವ ಘಳಿಗೆ ಮೀರಿಹೋಗಿತ್ತು.

ಅಂದಿನ ಭೇಟಿಯ ಉಳಿದ ಹೊತ್ತನ್ನು ನಾವು ಒಂದು ಹಾಳೆಯ ಮೇಲೆ ಕಳೆದೆವು. ಫೋನಿನಲ್ಲಿದ್ದ ಸಂಬಳದ ಚೀಟಿಯನ್ನು ತೆರೆಯಿಸಿ, ಅದರ ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಅವನ ಕೈಯಿಂದಲೇ ಬರೆಸಿದೆ. ಕಂಪನಿ ಹೇಳುವ ಸಿಟಿಸಿ ಎಂದರೆ ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ, ಅವನ ಕೈಗೆ ಬರುವ ಹಣವಲ್ಲ. ತಿಂಗಳಿಗೆ 35,000ದಲ್ಲಿ 3,500 ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ, ಕೊಡದೆಯೂ ಇರಬಹುದಾದ ಭಾಗ. 1,800 ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು, ಅಂದರೆ 15,000 ಮೂಲ ವೇತನದ ಶೇಕಡಾ 12. ಸುಮಾರು 720 ಗ್ರಾಚ್ಯುಟಿಯ ಲೆಕ್ಕ; ಐದು ವರ್ಷ ದುಡಿದರೆ ಸಿಗುವ ಹಣವನ್ನು ಮೊದಲ ದಿನದಿಂದಲೇ ಪ್ಯಾಕೇಜಿನೊಳಗೆ ಎಣಿಸಿರುತ್ತಾರೆ. 500 ಆರೋಗ್ಯ ವಿಮೆಗೆ. ಉಳಿದ 28,480ರಲ್ಲಿ ಅವನ ಪಾಲಿನ ಭವಿಷ್ಯ ನಿಧಿ ಮತ್ತೆ 1,800, ರಾಜ್ಯದ ವೃತ್ತಿ ತೆರಿಗೆ 200. ಕೈಗೆ ಬಂದದ್ದು 26,480. ಇದರಲ್ಲಿ ಪಿಜಿಗೆ 9,000, ಶಿಕ್ಷಣ ಸಾಲದ ಕಂತು 4,700, ಮನೆಗೆ 10,000. ಉಳಿದ 2,780ನ್ನು ಮೂವತ್ತರಿಂದ ಭಾಗಿಸಲು ಹೇಳಿದೆ. ದಿನಕ್ಕೆ ತೊಂಬತ್ತೆರಡು ರೂಪಾಯಿ ಎಂದು ಬರೆದು ಪೆನ್ ಕೆಳಗಿಟ್ಟ. ಬಸ್ಸು, ಫೋನು, ಔಷಧಿ, ಬಟ್ಟೆ, ಪಿಜಿಯವರು ಕೊಡದ ಮಧ್ಯಾಹ್ನದ ಊಟ ಎಲ್ಲವೂ ಅದರಲ್ಲೇ ಆಗಬೇಕು. ದೀಪಾವಳಿಗೆ ಬರಿಗೈಯಲ್ಲಿ ಹೋಗಲಾರದೆ ಮೊಬೈಲ್ ಆ್ಯಪ್ ಒಂದರಲ್ಲಿ 8,000 ಸಾಲ ಮಾಡಿದ್ದನ್ನು ಆಗ ಹೇಳಿದ. ಅಂದರೆ ಮೂವತ್ತೈದು ಸಾವಿರದ ಮಗ ಹಬ್ಬಕ್ಕೆ ಹೋಗಿ ಬಂದ ಖರ್ಚನ್ನು ಇಲ್ಲಿ ಕುಳಿತವನು ಕಟ್ಟುತ್ತಿದ್ದ.

ಸಾಯುವ ಯೋಚನೆ ಬಂದಿದೆಯೇ ಎಂದು ಅಂದೇ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆ ಜನರಲ್ಲಿದೆ, ಅದು ಸರಿಯಲ್ಲ. ಕೇಳುವುದರಿಂದ ಹೆಚ್ಚಿನವರು ಹಗುರಾಗುತ್ತಾರೆ. ಅಂಥ ಯೋಚನೆ ಇಲ್ಲ, ಆದರೆ ಫೋನ್ ಕಳೆದುಹೋಗಲಿ ಎಂದು ಎಷ್ಟೋ ಸಲ ಅನ್ನಿಸಿದೆ ಎಂದ. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಕನ್ನಡದಲ್ಲೇ ಮಾತನಾಡಬಹುದಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಆ ಹಾಳೆಯ ಹಿಂಬದಿಗೆ ಬರೆಸಿದೆ.

ಸಲಹೆ ಕೊಟ್ಟದ್ದು ನಾಲ್ಕನೆಯ ಭೇಟಿಯಲ್ಲಿ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗಿ, ತಂದೆಯ ಪಕ್ಕ ಕುಳಿತು, ಆ ಹಾಳೆಯನ್ನು ಅವರ ಕೈಗೆ ಕೊಟ್ಟು ಓದಿ ಹೇಳಿ. ಆ್ಯಪ್ ಸಾಲವನ್ನೂ ಹೇಳಿ. ಎಷ್ಟು ಕಳಿಸಲಿ ಎಂಬುದನ್ನು ಈ ಹೊಸ ಅಂಕಿಯ ಮೇಲೆ ಅವರೇ ಮತ್ತೊಮ್ಮೆ ಹೇಳಲಿ. ಫೋನಿನಲ್ಲಿ ಬೇಡ ಎಂದು ಒತ್ತಿ ಹೇಳಿದೆ, ಏಕೆಂದರೆ ಸ್ಪೀಕರ್ ಹಾಕಿದ ಫೋನಿನ ಸುತ್ತ ಮನೆಯವರೊಂದಿಗೆ ನೆರೆಯವರೂ ಇರುತ್ತಾರೆ.

ನಮ್ಮ ತಿಂಗಳ ಚರ್ಚಾಕೂಟದಲ್ಲಿ ಇದನ್ನು ಹೆಸರಿಲ್ಲದೆ ಮಂಡಿಸಿದಾಗ ಆಕ್ಷೇಪಗಳು ಬಂದವು. ಇದು ಆಪ್ತಸಲಹೆಯೋ ಲೆಕ್ಕಪತ್ರದ ಕೆಲಸವೋ ಎಂದರು ಒಬ್ಬರು. ದಾರಿ ತೋರಿಸದೆ ಅವನೇ ದಾರಿ ಕಾಣುವವರೆಗೆ ಕಾಯಬೇಕಿತ್ತು ಎಂದರು ಇನ್ನೊಬ್ಬರು. ಮನೆಯವರೊಂದಿಗೆ ಗೆರೆ ಎಳೆದುಕೊಳ್ಳಲು ಕಲಿಸಬೇಕಿತ್ತು, ಹಣ ಕಳಿಸುವುದು ಅವನ ಇಷ್ಟ ಎಂಬುದು ಮೂರನೆಯ ಮಾತು. ಕಾಯಬಹುದಿತ್ತು, ಆದರೆ ಕಾಯುವ ಪ್ರತಿ ದಿನಕ್ಕೂ ಬಡ್ಡಿ ಏರುತ್ತಿತ್ತು. ಇನ್ನು ಗೆರೆಯ ವಿಷಯದಲ್ಲಿ ನನ್ನ ನಂಬಿಕೆ ಸ್ವಲ್ಪ ಹಟದ್ದು. ಆ ತಂದೆ ಮಗನನ್ನು ಹಿಂಡಿರಲಿಲ್ಲ. ಇಪ್ಪತ್ತೈದು ಸಾವಿರವನ್ನು ಅವನಿಗೆ ಬಿಟ್ಟೆ ಎಂದು ತಿಳಿದು, ಉದಾರವಾಗಿಯೇ ಪಾಲು ಮಾಡಿದ್ದರು. ಲೆಕ್ಕದ ಮೊದಲ ಅಂಕಿ ತಪ್ಪಾಗಿತ್ತು, ಅಷ್ಟೇ. ತಪ್ಪು ಅಂಕಿಯನ್ನು ತಿದ್ದಬೇಕಾದಲ್ಲಿ ಗೆರೆ ಎಳೆದರೆ, ಮಗನಿಗೆ ಪಟ್ಟಣದ ಗಾಳಿ ತಗುಲಿತು ಎಂಬ ಅರ್ಥ ಮಾತ್ರ ಊರಿಗೆ ಹೋಗುತ್ತಿತ್ತು. ಒಬ್ಬ ಹಿರಿಯರು ಕೇಳಿದ ಪ್ರಶ್ನೆ ಮಾತ್ರ ನ್ಯಾಯವಾಗಿತ್ತು: ತಂದೆ ಸಿಟ್ಟಿನವರಾಗಿದ್ದರೆ? ಅದನ್ನು ನಾನು ಮೊದಲೇ ವಿಚಾರಿಸಿದ್ದೆ. ಎರಡನೆಯ ವರ್ಷ ಎರಡು ವಿಷಯಗಳಲ್ಲಿ ಫೇಲಾದಾಗ ಅಪ್ಪ ಏನು ಮಾಡಿದ್ದರು ಎಂದು ಕೇಳಿದ್ದಕ್ಕೆ, ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಪರೀಕ್ಷೆಯ ಶುಲ್ಕ ಕೊಟ್ಟರು ಎಂದಿದ್ದ. ಕೈ ಎತ್ತುವ ಮನೆಯಾಗಿದ್ದರೆ ಈ ಸಲಹೆಯನ್ನು ನಾನು ಕೊಡುತ್ತಿರಲಿಲ್ಲ, ಯಾರೂ ಕೊಡಬಾರದು.

ಈ ವರ್ಷ ಮಕ್ಕಳನ್ನು ಕೆಲಸಕ್ಕೆ ಕಳಿಸುವ ಮನೆಗಳಿಗೆ ಇಲ್ಲೇ ಒಂದು ಮಾತು. ಆಫರ್ ಪತ್ರ ಬಂದ ದಿನವೇ, ಸಿಹಿ ಹಂಚುವ ಮೊದಲು, ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಕಂಪನಿಯ ಎಚ್‌ಆರ್ ವಿಭಾಗಕ್ಕೆ ಮಗನೋ ಮಗಳೋ ಬರೆದು ಕೇಳಲಿ. ಹಾಗೆ ಕೇಳುವುದು ಅವಿನಯವಲ್ಲ. ಮೊದಲ ಸಂಬಳ ತಿಂಗಳ ಕೊನೆಗೆ ಬರುತ್ತದೆ, ಪಿಜಿಯ ಮುಂಗಡವನ್ನು ಮೊದಲ ದಿನವೇ ಕೊಡಬೇಕು. ಬೇರೆ ಮನೆ ಹಿಡಿಯುವ ಯೋಚನೆ ಇದ್ದರೆ, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಹಳೆಯ ರೂಢಿ ಬೆಂಗಳೂರಿನಲ್ಲಿ ಇನ್ನೂ ಪೂರ್ತಿ ಹೋಗಿಲ್ಲ ಎಂಬುದು ನೆನಪಿರಲಿ. ಆದ್ದರಿಂದ ಮೊದಲ ಎರಡು ತಿಂಗಳು ಹಣ ಹರಿಯಬೇಕಾದದ್ದು ಊರಿನಿಂದ ನಗರಕ್ಕೆ. ಭವಿಷ್ಯ ನಿಧಿಗೆ ಕಡಿತವಾದದ್ದು ಕಳೆದುಹೋದ ಹಣವಲ್ಲ, ಅದು ಮಕ್ಕಳ ಹೆಸರಿನಲ್ಲೇ ಇರುತ್ತದೆ. ಆ್ಯಪ್ ಸಾಲ ಮಾಡಿ ಸಿಕ್ಕಿಕೊಂಡವರು ತಿಳಿಯಬೇಕಾದದ್ದೆಂದರೆ, ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿಗೂ ಚಿತ್ರಗಳಿಗೂ ಕೈಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಗೇಟಿನ ಮುಂದೆ ಫ್ಲೆಕ್ಸ್ ಹಾಕುವ ಕಾಲೇಜುಗಳಿಗೆ ನನ್ನ ಕೋರಿಕೆ ಒಂದೇ: ಲಕ್ಷದ ಅಂಕಿಯ ಪಕ್ಕದಲ್ಲಿ ತಿಂಗಳಿಗೆ ಕೈಗೆ ಬರುವ ಅಂಕಿಯನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.

ಹುಡುಗ ಹೋದ, ಹೇಳಿದ. ತಂದೆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಒಂದೂ ಮಾತಾಡದೆ ಹೊಲಕ್ಕೆ ಹೋದರಂತೆ. ಆತ ಬೆಂಗಳೂರಿಗೆ ಮರಳಿದ ಮೇಲೂ ತಂದೆಯ ಫೋನ್ ಬರಲಿಲ್ಲ. ಒಂಬತ್ತನೆಯ ದಿನ ನನಗೆ ಕರೆ ಮಾಡಿ, "ನೀವು ಹೇಳಿದ್ರಿ ಅಂತ ಹೇಳಿದ್ನ್ರಿ ಮೇಡಂ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಆ ವಾರ ನನಗೂ ನಿದ್ರೆ ಇರಲಿಲ್ಲ. ಸಲಹೆಗೆ ನನ್ನಲ್ಲಿದ್ದ ಕಾರಣಗಳೆಲ್ಲ ಆ ಒಂದು ವಾಕ್ಯದ ಮುಂದೆ ಬಹಳ ಚಿಕ್ಕವಾಗಿ ಕಂಡವು, ಹಾಗೆ ಕಂಡದ್ದನ್ನು ಮುಚ್ಚಿಡುವುದು ಸರಿಯಲ್ಲ.

ಹನ್ನೆರಡನೆಯ ದಿನ ತಂದೆ ಫೋನ್ ಮಾಡಿದರು. ಹಾಳೆಯನ್ನು ಊರಿನ ಸಹಕಾರ ಸಂಘದ ಕಾರ್ಯದರ್ಶಿಗೆ ತೋರಿಸಿ ಸಾಲು ಸಾಲಾಗಿ ಓದಿಸಿಕೊಂಡಿದ್ದರಂತೆ. ಅವರು ಮೊದಲು ಕೇಳಿದ್ದು ಗ್ರಾಚ್ಯುಟಿಯ ಬಗ್ಗೆ: ಐದು ವರ್ಷದ ಮೇಲೆ ಕೊಡುವ ಹಣ ಅಲ್ಲಿಯತನಕ ಯಾರ ಕೈಯಲ್ಲಿರುತ್ತದೆ, ನಡುವೆ ಬಿಟ್ಟರೆ ಯಾರಿಗೆ ಹೋಗುತ್ತದೆ? ಮಗನಿಗೆ ಗೊತ್ತಿರಲಿಲ್ಲ; ನನ್ನನ್ನು ಕೇಳಿ, ಅವಧಿಗೆ ಮುನ್ನ ಕೆಲಸ ಬಿಟ್ಟರೆ ಆ ಹಣ ಸಿಗದು ಎಂದು ತಿಳಿಸಿದ. ಹಾಗಾದರೆ ಅದನ್ನು ಸಂಬಳವೆಂದು ಬರೆದದ್ದೇಕೆ ಎಂಬ ಅವರ ಮರುಪ್ರಶ್ನೆಗೆ ನನ್ನಲ್ಲೂ ಉತ್ತರವಿರಲಿಲ್ಲ. ಆ್ಯಪ್ ಸಾಲ ತೀರುವವರೆಗೆ ಆರು ಸಾವಿರ ಸಾಕು, ಸ್ಲ್ಯಾಬ್ ಮುಂದಿನ ಬೇಸಿಗೆಗೆ ಆಗಲಿ ಎಂದರು. ಊರಿನಲ್ಲಿ ಮಾತ್ರ ಈ ಅಂಕಿಯನ್ನು ಯಾರ ಮುಂದೆಯೂ ಆಡಬೇಡ ಎಂದರು. ಹೀಗಾಗಿ ಮೂವತ್ತೈದು ಸಾವಿರದ ಮಗ ಆ ಊರಿನಲ್ಲಿ ಇನ್ನೂ ಇದ್ದಾನೆ, ಬಹುಶಃ ಈಗ ನಲವತ್ತು ಸಾವಿರದವನಾಗಿರಬಹುದು. ಅದು ನನಗೆ ಅಷ್ಟು ಹಿಡಿಸದಿದ್ದರೂ, ಮನೆಯ ಹೊಸ್ತಿಲ ಒಳಗಿನ ಲೆಕ್ಕ ಸರಿಯಾದ ಮೇಲೆ ಹೊರಗಿನದನ್ನು ಸರಿಪಡಿಸುವುದು ನನ್ನ ಕೆಲಸವೆಂದು ನಾನು ತಿಳಿಯಲಿಲ್ಲ.

ಕೊನೆಯ ಭೇಟಿಗೆ ಊಟ ಮಾಡಿಕೊಂಡೇ ಬಂದಿದ್ದ. ನಿದ್ರೆಯ ಬಗ್ಗೆ, ಕೆಲಸದ ಬಗ್ಗೆ ಮಾತಾಡಿದೆವು. ರಾತ್ರಿಯ ಫೋನ್ ಹೇಗಿದೆ ಎಂದು ಕೇಳಿದಾಗ ಮುಖ ಸ್ವಲ್ಪ ಹುಳ್ಳಗೆ ಮಾಡಿಕೊಂಡ. "ಈಗ ಅವ್ವ ಊಟ ಆತೇನಂತ ಕೇಳಂಗಿಲ್ರಿ. ಏನ್ ಉಂಡಿ, ಎಷ್ಟ್ ಉಂಡಿ, ಎಲ್ಲಿ ಉಂಡಿ ಅಂತ ಕೇಳ್ತಾಳ. ಫೋಟೊ ಕಳಿಸು ಅಂತಾಳ್ರಿ."